ಏಳು ಚಳಿಗಾಲ ಮುಚ್ಚಿಟ್ಟ ಹಾಯಿದೋಣಿ: ಮಾರಾಟಕ್ಕೆ ಅಣಿ ಮಾಡಿದ ಒಂದು ಪ್ರಕರಣ

ಅಣ್ಣ ಫೋನ್ ಮಾಡಿದ್ದು 2024ರ ಫೆಬ್ರವರಿಯಲ್ಲಿ. ಅವರು ನನ್ನ ಒಡಹುಟ್ಟಿದ ಅಣ್ಣ ಅಲ್ಲ. ಕುಂದಾಪುರದ ಕಡೆಯವರು. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಇಪ್ಪತ್ತೈದು ವರ್ಷ ದುಡಿದು, ನಿವೃತ್ತಿಯಾದ ಮೇಲೆ ಊರಿಗೆ ಹೋಗಿ ನೆಲೆಸಿದವರು. ನಾನು ಮಿಶಿಗನ್‌ಗೆ ಬಂದ ಮೊದಲ ವರ್ಷದಿಂದ ಅವರನ್ನು ಅಣ್ಣ ಅಂತ, ಅವರ ಹೆಂಡತಿಯನ್ನು ಅತ್ತಿಗೆ ಅಂತ ಕರೆದೇ ಅಭ್ಯಾಸ.

"ಮಾರಾಯಾ, ದೋಣಿ ಇನ್ನೂ ಇತ್ತಾ?" ಅಂದರು.

ಅವರ ಕಡೆ 'ಇತ್ತು' ಅಂದರೆ 'ಇದೆ' ಅಂತ. ಇದೆ ಅಣ್ಣ ಅಂದೆ. ಆದರೆ ಹೇಗಿದೆ ಅಂತ ನನಗೂ ಗೊತ್ತಿರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ನಾವಿಬ್ಬರೇ ಅದನ್ನು ಮೆಕೋಂಬ್ ಕೌಂಟಿಯ ಒಂದು ಹೊಲದ ಅಂಚಿನಲ್ಲಿ, ಟ್ರೇಲರ್ ಮೇಲೆಯೇ ನಿಲ್ಲಿಸಿ, ನೀಲಿ ಟಾರ್ಪಾಲು ಹೊದಿಸಿ ಬಂದಿದ್ದೆವು. ಮುಂದಿನ ವರ್ಷ ಅಣ್ಣನ ಬೆನ್ನಿಗೆ ಆಪರೇಷನ್ ಆಯಿತು. ಆಮೇಲೆ ಕೊರೊನಾ. ಆಮೇಲೆ ಊರಿನ ದಾರಿ. ದೋಣಿ ಅಲ್ಲೇ ಉಳಿಯಿತು. ಈಗ ಹೊಲದವರಿಗೆ ಆ ಜಾಗ ಬೇಕಾಗಿತ್ತು. ಜೂನ್ ಕೊನೆಯೊಳಗೆ ತೆಗೆಯಿರಿ ಅಂದಿದ್ದರು. ಪಕ್ಕದ ಜಮೀನಿನವರೊಬ್ಬರು, ಹೇಗಿದೆಯೋ ಹಾಗೇ 1,000 ಡಾಲರ್‌ಗೆ ಎತ್ತಿಕೊಂಡು ಹೋಗ್ತೀನಿ ಅಂತ ಹೇಳಿದ್ದರಂತೆ.

ನಾನು ಹಾಯಿ ಹಿಡಿಯಲು ಕಲಿತದ್ದು ಆ ದೋಣಿಯಲ್ಲಿ. ಬೇಡ ಅಣ್ಣ, ನಾನು ಸರಿ ಮಾಡಿ ಮಾರಿಸಿ ಕೊಡ್ತೀನಿ ಅಂದುಬಿಟ್ಟೆ.

ದೋಣಿಯ ಬಗ್ಗೆ ಎರಡು ಮಾತು. ಅದು ಕೆಟಲೀನಾ 22, 1985ರ ಮಾದರಿ. ಫ್ರಾಂಕ್ ಬಟ್ಲರ್ ಅನ್ನುವವರು 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ದೋಣಿ. ಆಮೇಲೆ 15,000ಕ್ಕೂ ಹೆಚ್ಚು ತಯಾರಾದವು. ಉದ್ದ ಇಪ್ಪತ್ತೊಂದೂವರೆ ಅಡಿ, ತೂಕ ಸುಮಾರು 2,250 ಪೌಂಡ್. ಟ್ರೇಲರ್ ಮೇಲೆ ಹಾಕಿ ಸಾಧಾರಣ ದೊಡ್ಡ ಕಾರಿನಿಂದ ಎಳೆದುಕೊಂಡು ಹೋಗಬಹುದು. ಅಣ್ಣನ ದೋಣಿಯಲ್ಲಿ ಕೀಲ್ ಮಡಚುವಂಥದ್ದು. ಕೀಲ್ ಅಂದರೆ ದೋಣಿ ಮಗುಚದಂತೆ ಅಡಿಯಲ್ಲಿ ಇಳಿಬಿಟ್ಟಿರುವ ಭಾರ. ಇದರದು ಸುಮಾರು 550 ಪೌಂಡಿನ ಎರಕದ ಕಬ್ಬಿಣ. ಇಳಿಸಿದರೆ ನೀರಿನ ಮಟ್ಟದಿಂದ ಕೆಳಗೆ 5 ಅಡಿ ಬೇಕು. ಎತ್ತಿದರೆ 2 ಅಡಿ ಸಾಕು. ಸೇಂಟ್ ಕ್ಲೇರ್ ಸರೋವರಕ್ಕೆ ಇದು ಹೇಳಿ ಮಾಡಿಸಿದ ಹಾಗೆ, ಯಾಕೆಂದರೆ ಆ ಸರೋವರದ ಸರಾಸರಿ ಆಳವೇ 11 ಅಡಿ. ಅಣ್ಣ 2004ರಲ್ಲಿ ಅದನ್ನು ಕೊಂಡಾಗ ಇದನ್ನೇ ನೋಡಿದ್ದು. ಅವರ ಅಜ್ಜ ಗಂಗೊಳ್ಳಿಯಲ್ಲಿ ಮಂಜಿ, ಅಂದರೆ ಸರಕು ಸಾಗಿಸುವ ಹಾಯಿ ಹಡಗಿನ ಮೇಲೆ ಹಂಚು ಹೇರಿಕೊಂಡು ಹೋಗುತ್ತಿದ್ದವರು. ಹಾಯಿ ಅಂದರೆ ಆ ಮನೆಯಲ್ಲಿ ಸುಮ್ನೆ ಆಟದ ಸಾಮಾನಲ್ಲ.

ಮೊದಲು ಮಾಡಿದ ತಪ್ಪು

ಮಾರ್ಚ್ ಮೂರನೇ ವಾರ ಹಿಮ ಕರಗಿದ ಮೇಲೆ ಹೋದೆ. ಟಾರ್ಪಾಲು ಒಂದು ಕಡೆ ಹರಿದು ಜೋತು ಬಿದ್ದಿತ್ತು. ದೋಣಿಯ ಬಿಳಿ ಮೈ ಸುಣ್ಣ ಬಳಿದ ಗೋಡೆಯ ಹಾಗಾಗಿತ್ತು. ಕೈ ಇಟ್ಟರೆ ಅಂಗೈಗೆಲ್ಲ ಪುಡಿ. ನೋಡಿ ಬೇಜಾರಾಯಿತು. ಮೊದಲ ಎರಡು ಶನಿವಾರ ಬರೀ ಮೈ ಉಜ್ಜಿದೆ. ಎಡಗಡೆ ಪೂರ್ತಿ ಪಾಲಿಶ್ ಹಾಕಿ, ಮೇಣ ತಿಕ್ಕಿ, ಹೊಳೆಯುವ ಹಾಗೆ ಮಾಡಿದೆ. ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವರಿಗೂ ಖುಷಿಯಾಯಿತು.

ಆ ಎರಡು ಶನಿವಾರ ನಾನು ಬೇರೆಯದಕ್ಕೆ ಕೊಡಬೇಕಿತ್ತು. ದೋಣಿಯ ಕಾಗದ ನೋಡಿರಲಿಲ್ಲ, ಒಳಗೆ ಹೊಕ್ಕು ನೋಡಿರಲಿಲ್ಲ, ಟ್ರೇಲರಿನ ಚಕ್ರ ತಿರುಗುತ್ತದೋ ಇಲ್ಲವೋ ಅದನ್ನೂ ನೋಡಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಮೊದಲು ಸರಿ ಮಾಡಿದೆ. ಆದರೆ ಕೊಳ್ಳುವವರು ಹೆದರುವುದು ಕಣ್ಣಿಗೆ ಕಾಣದ್ದಕ್ಕೆ. ಮೈ ಮಂಕಾಗಿದೆ ಅಂತ ಯಾರೂ ವಾಪಸ್ ಹೋಗುವುದಿಲ್ಲ. ಕೀಲಿನ ಕೇಬಲ್ ಎಷ್ಟು ಹಳೆಯದು ಅಂತ ಕೇಳಿದಾಗ 'ಗೊತ್ತಿಲ್ಲ' ಅಂದರೆ ಹೋಗ್ತಾರೆ.

ಇದು ಹೊಳೆದ ಮೇಲೆ ಕೆಲಸದ ರೀತಿಯನ್ನೇ ಬದಲಾಯಿಸಿದೆ. ಒಂದು ನೋಟ್‌ಬುಕ್ ತಗೊಂಡು, ನಾನೇ ಕೊಳ್ಳುವವನಾದರೆ ಯಾವುದಕ್ಕೆ ಹೆದರುತ್ತೇನೆ ಅಂತ ಬರೆದೆ. ಒಂದೊಂದರ ಎದುರಿಗೂ ಅದನ್ನು ಹೋಗಲಾಡಿಸಲು ಎಷ್ಟು ಖರ್ಚು ಅಂತ ಬರೆದೆ. ಕಡಿಮೆ ಖರ್ಚಿನಲ್ಲಿ ದೊಡ್ಡ ಹೆದರಿಕೆ ಹೋಗುವಂಥದ್ದು ಮೊದಲು. ಜಾಸ್ತಿ ಖರ್ಚಾಗುವುದನ್ನು ಸರಿ ಮಾಡುವುದಿಲ್ಲ, ಬಾಯಿಬಿಟ್ಟು ಹೇಳಿ ಬೆಲೆ ಇಳಿಸುವುದು. ಮೂರು ಸಾವಿರ ಡಾಲರ್ ಬಾಳುವ ದೋಣಿಗೆ ಮೂರು ಸಾವಿರ ಸುರಿದರೆ ಆರು ಸಾವಿರ ಸಿಗುವುದಿಲ್ಲ, ಅಲ್ವಾ?

ಕಾಗದ

ಮಿಶಿಗನ್‌ನಲ್ಲಿ 20 ಅಡಿಗಿಂತ ಉದ್ದದ ದೋಣಿಗೆ ಕಾರಿಗೆ ಇರುವ ಹಾಗೇ ಟೈಟಲ್ ಇರಬೇಕು. ಅಂದರೆ ಮಾಲೀಕರು ಯಾರು ಅಂತ ಹೇಳುವ ಪತ್ರ. ಕಾರಿನ ಕಾಗದ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯೇ ಇದನ್ನೂ ನೋಡುತ್ತದೆ. ಅತ್ತಿಗೆ ಕುಂದಾಪುರದ ಮನೆಯ ಕಪಾಟಿನಿಂದ ಟೈಟಲ್ ಹುಡುಕಿ, ಫೋಟೋ ಕಳಿಸಿದರು. ಅದರಲ್ಲಿ ಒಂದು ಸಾಲು ಓದಿ ಎದೆ ಧಸಕ್ಕೆಂದಿತು. 2004ರಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಅದರ ಮೇಲೆ ಇತ್ತು.

ಸಾಲ ತೀರಿ ಹದಿನಾರು ವರ್ಷ ಆಗಿತ್ತು. ತೀರಿತು ಅಂತ ಬ್ಯಾಂಕಿನವರು ಆಗಲೇ ಒಂದು ಪತ್ರ ಕೊಡಬೇಕಿತ್ತು. ಕೊಟ್ಟಿರಲಿಲ್ಲ, ಅಥವಾ ಕೊಟ್ಟಿದ್ದು ಎಲ್ಲೋ ಕಳೆದಿತ್ತು. ಈ ಮಧ್ಯೆ ಆ ಬ್ಯಾಂಕು ಇನ್ನೊಂದರಲ್ಲಿ ಸೇರಿಹೋಗಿತ್ತು. ಫೋನ್ ಎತ್ತಿದವರಿಗೆಲ್ಲ ಮೊದಲಿನಿಂದ ಕಥೆ ಹೇಳಬೇಕು. ಖಾತೆ ನಂಬರ್ ಕೊಡಿ ಅಂತಾರೆ. ಖಾತೆ ನಂಬರ್ ಸಿಕ್ಕರೆ, ಇಷ್ಟು ಹಳೆಯದು ನಮ್ಮ ಕಂಪ್ಯೂಟರಿನಲ್ಲಿ ಇಲ್ಲ ಅಂತಾರೆ. ಸಾಲ ತೀರಿದ ಪತ್ರ ಕೈಗೆ ಬರಲು ಐದು ವಾರ ಹಿಡಿಯಿತು. ಜೊತೆಗೆ ಅಣ್ಣ, ತಮ್ಮ ಪರವಾಗಿ ನಾನು ವ್ಯವಹಾರ ಮಾಡಬಹುದು ಅಂತ ಒಂದು ಪ್ರತಿನಿಧಿ ಪತ್ರಕ್ಕೆ ಸಹಿ ಹಾಕಿ, ಅಸಲು ಟೈಟಲ್ ಸಮೇತ ಕೊರಿಯರ್ ಮಾಡಿದರು.

ದೋಣಿಯ ನಂಬರನ್ನೂ ತಾಳೆ ನೋಡಿದೆ. 1972ರ ನವೆಂಬರ್‌ನಿಂದ ಅಮೆರಿಕದಲ್ಲಿ ತಯಾರಾಗುವ ಪ್ರತಿ ದೋಣಿಗೂ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಇರಬೇಕು. ಅದು ಹಿಂಬದಿಯ ಹಲಗೆಯಲ್ಲಿ, ಬಲಗಡೆ ಮೇಲ್ಭಾಗದಲ್ಲಿ ಇರುತ್ತದೆ. ಮಣ್ಣು ಒರೆಸಿ, ಟಾರ್ಚನ್ನು ಅಡ್ಡಲಾಗಿ ಹಿಡಿದಾಗ ಓದಲು ಬಂತು. ಮೊದಲ ಮೂರು ಅಕ್ಷರ ಸಿ-ಟಿ-ವೈ, ಅಂದರೆ ಕೆಟಲೀನಾ. ಆಮೇಲೆ ಐದು ಅಂಕಿಯ ಕ್ರಮಸಂಖ್ಯೆ. ಕೊನೆಯಲ್ಲಿ ಬಿ-5-85: ಫೆಬ್ರವರಿ ತಿಂಗಳು, 1985ರಲ್ಲಿ ತಯಾರಿ, 1985ರ ಮಾದರಿ. ಟೈಟಲ್‌ನಲ್ಲಿ ಇದ್ದದ್ದೂ ಅದೇ. ಒಂದು ಅಂಕಿ ಹೆಚ್ಚುಕಮ್ಮಿ ಆಗಿದ್ದರೂ ಮಾರಾಟದ ದಿನ ಎಲ್ಲ ನಿಂತುಬಿಡುತ್ತಿತ್ತು.

ಕಾಗದದ ಕೆಲಸಕ್ಕೆ ಹಣ ಹೆಚ್ಚು ಬೇಕಾಗಲಿಲ್ಲ. ಕೊರಿಯರ್‌ಗೆ 60 ಡಾಲರ್ ಅಷ್ಟೆ. ಆದರೆ ಅದು ದಿನ ತಿನ್ನುತ್ತದೆ. ಬ್ಯಾಂಕು ಪತ್ರ ಹುಡುಕುತ್ತಿದ್ದ ಆ ಐದು ವಾರದಲ್ಲೇ ಉಳಿದ ಕೆಲಸವೆಲ್ಲ ನಡೆಯಿತು.

ಒಳಗಿನ ನೀರು, ಮೇಲಿನ ಮೆತ್ತಗಿನ ಜಾಗ

ಒಳಗಿನ ಬಾಗಿಲ ಹಲಗೆ ತೆಗೆದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಮಳೆಗಾಲದಲ್ಲಿ ವರ್ಷಗಟ್ಟಲೆ ಬಾಗಿಲು ಹಾಕಿಟ್ಟ ಮನೆಯ ಮುಗ್ಗಲು, ಅದರ ಜೊತೆಗೆ ಇಲಿ. ನೆಲದಲ್ಲಿ ಒಂದು ಗೇಣು ಕಪ್ಪು ನೀರು. ಮೆತ್ತೆಗಳ ಮೇಲೆ ಬೂಷ್ಟು.

ನೀರು ತೆಗೆಯುವುದು ಸುಲಭ. ಎಲ್ಲಿಂದ ಬಂತು ಅಂತ ತಿಳಿಯುವುದು ಮುಖ್ಯ. ನೀರು ತೆಗೆದು, ಒಂದು ವಾರ ಬಾಗಿಲು ತೆರೆದಿಟ್ಟು ಒಣಗಿಸಿದೆ. ಆಮೇಲೆ ಮಗನನ್ನು ಒಳಗೆ ಟಾರ್ಚ್ ಕೊಟ್ಟು ಕೂರಿಸಿ, ನಾನು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟೆ. ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಎಡಗಡೆ ಕಿಟಕಿಯ ಮುಂದಿನ ಮೂಲೆಗೆ ಬಂದಾಗ ಅವನು "ಅಪ್ಪಾ, ಇಲ್ಲಿ!" ಅಂದ. ಇನ್ನೊಂದು, ಡೆಕ್ಕಿನ (ದೋಣಿಯ ಮೇಲೆ ನಡೆದಾಡುವ ಹಾಸು) ಅಂಚಿನಲ್ಲಿ ಬೇಲಿಯ ಕಂಬಿ ಕೂರಿಸಿರುವ ಬುಡ. ಆದರೆ ಒಂದು ಗೇಣು ನೀರಿಗೆ ಈ ಎರಡು ಸಾಲದು. ಮುಖ್ಯ ಕಾರಣ ಹಿಂದೆ ಕೂರುವ ಗುಂಡಿಯಲ್ಲಿತ್ತು. ಟಾರ್ಪಾಲು ಹರಿದಲ್ಲಿಂದ ಮೇಪಲ್ ಎಲೆಗಳು ಬಿದ್ದು ನೀರು ಹೋಗುವ ತೂತು ಕಟ್ಟಿತ್ತು. ಮಳೆ ಬಂದಾಗಲೆಲ್ಲ ಅದು ತೊಟ್ಟಿಯ ಹಾಗೆ ತುಂಬಿ, ಹೊಸ್ತಿಲು ದಾಟಿ ಒಳಗೆ ಹರಿದಿತ್ತು. ಒಂದು ಹಿಡಿ ಎಲೆ, ಅಷ್ಟೆ.

ಇನ್ನು ಡೆಕ್. ಎರಡು ತೆಳು ಫೈಬರ್‌ಗ್ಲಾಸ್ ಪದರದ ನಡುವೆ ಮರ ಇಟ್ಟು ಇಂಥ ಡೆಕ್ ಮಾಡಿರುತ್ತಾರೆ. ಸ್ಕ್ರೂ ತೂತಿನಿಂದ ನೀರು ಇಳಿದರೆ ಮರ ಕೊಳೆಯುತ್ತದೆ. ಮಿಶಿಗನ್ ಚಳಿಯಲ್ಲಿ ಆ ನೀರು ಹೆಪ್ಪುಗಟ್ಟಿ ಉಬ್ಬುವಾಗ ಪದರಗಳನ್ನು ಬಿಡಿಸುತ್ತದೆ. ಮತ್ತೆ ಕರಗುತ್ತದೆ, ಇನ್ನಷ್ಟು ನೀರು ಇಳಿಯುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಏಳು ಚಳಿಗಾಲ ಇದೇ ಆಟ.

ಇದನ್ನು ಪರೀಕ್ಷೆ ಮಾಡಲು ಯಂತ್ರ ಬೇಡ. ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಪ್ಲಾಸ್ಟಿಕ್ ಹಿಡಿಯಿಂದ ಎರಡೆರಡು ಇಂಚಿಗೆ ಕುಟ್ಟುತ್ತಾ ಹೋದೆ. ಗಟ್ಟಿ ಇದ್ದಲ್ಲಿ 'ಟಕ್, ಟಕ್'. ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುವಾಗ ಕಿವಿ ಹೇಗೆ ಕೆಲಸ ಮಾಡುತ್ತದೋ ಹಾಗೇ. ಎಡಗಡೆ ಕಂಬಿಯ ಬುಡ ಹತ್ತಿರ ಬರುತ್ತಿದ್ದ ಹಾಗೆ ಸದ್ದು 'ದಬ್' ಅಂತಾಯಿತು. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಸುತ್ತ ಬಂದೆ. ಕೊನೆಗೆ ನೋಡಿದರೆ ಊಟದ ತಟ್ಟೆಯಷ್ಟು ಜಾಗ. ಅದರ ಮೇಲೆ ಹಿಮ್ಮಡಿ ಊರಿದರೆ ಚೂರು ತಗ್ಗುತ್ತಿತ್ತು. ಹಾಯಿ ಕಟ್ಟುವ ಕಂಬದ ಬುಡ, ಆ ಕಂಬ ಹಿಡಿದಿರುವ ತಂತಿಗಳು ಡೆಕ್ಕಿಗೆ ಸೇರುವ ಜಾಗ, ಕೂರುವ ಗುಂಡಿಯ ನೆಲ ಎಲ್ಲ ಗಟ್ಟಿ ಇದ್ದವು. ಅಲ್ಲಿ ಮೆತ್ತಗಾಗಿದ್ದರೆ ನಾನು ಆ 1,000 ಡಾಲರ್‌ಗೇ ಕೊಡಿ ಅಂತ ಅಣ್ಣನಿಗೆ ಹೇಳುತ್ತಿದ್ದೆ.

ಬೋಟ್‌ಯಾರ್ಡಿನವರು ಆ ತಟ್ಟೆಯಷ್ಟು ಜಾಗ ಕೊಯ್ದು, ಹೊಸ ಮರ ಕೂರಿಸಿ ಮುಚ್ಚಲು 900 ಡಾಲರ್ ಕೇಳಿದರು. ಕೆಲಸಕ್ಕೆ ಅದು ದುಬಾರಿ ಅಲ್ಲ, ದೋಣಿಗೆ ದುಬಾರಿ. ಕಂಬಿಯ ಬುಡ ಬಿಚ್ಚಿ, ಎರಡು ವಾರ ಒಣಗಲು ಬಿಟ್ಟು, ಬ್ಯುಟೈಲ್ ಟೇಪ್ ಹಾಕಿ ಮತ್ತೆ ಬಿಗಿದೆ. ಬ್ಯುಟೈಲ್ ಅಂದರೆ ಚೂಯಿಂಗ್ ಗಮ್ ಹಾಗೆ ಎಳೆಯುವ ಅಂಟು. ಎಷ್ಟು ವರ್ಷವಾದರೂ ಗಟ್ಟಿಯಾಗಿ ಬಿರುಕು ಬಿಡುವುದಿಲ್ಲ. ಕಿಟಕಿಗೂ ಅದನ್ನೇ ಹಾಕಿದೆ. ಇನ್ನು ಮುಂದೆ ನೀರು ಇಳಿಯುವುದಿಲ್ಲ. ಆದರೆ ಕೊಳೆತ ಮರ ಕೊಳೆತೇ ಇದೆ. ಆ ಜಾಗದ ಸುತ್ತ ನೀಲಿ ಟೇಪು ಅಂಟಿಸಿ, ಮಾರಾಟ ಆಗುವವರೆಗೂ ತೆಗೆಯಬಾರದು ಅಂತ ತೀರ್ಮಾನ ಮಾಡಿದೆ. ಅಣ್ಣನಿಗೆ ಹೇಳಿದಾಗ ಒಂದು ಗಳಿಗೆ ಸುಮ್ಮನಿದ್ದು, "ಹೌದ್, ಹೇಳಿಯೇ ಕೊಡುವ" ಅಂದರು.

ಕೀಲ್

ಈ ಮಾದರಿಯ ದೋಣಿ ಬಲ್ಲವರು ಮೊದಲು ಕೇಳುವುದೇ ಇದನ್ನು. 550 ಪೌಂಡಿನ ಕಬ್ಬಿಣ ಮುಂದಿನ ತುದಿಯಲ್ಲಿ ಒಂದು ದಪ್ಪ ಪಿನ್ನಿನ ಮೇಲೆ ತಿರುಗುತ್ತದೆ. ಹಿಂದಿನ ತುದಿಯನ್ನು ಒಂದೇ ಒಂದು ಉಕ್ಕಿನ ಕೇಬಲ್ ಹಿಡಿದಿರುತ್ತದೆ. ಆ ಕೇಬಲ್ ಒಳಗೆ ಮೆಟ್ಟಿಲ ಕೆಳಗಿರುವ ಕೈ-ವಿಂಚಿಗೆ, ಅಂದರೆ ಹಿಡಿ ತಿರುಗಿಸಿ ಎಳೆಯುವ ರಾಟೆಗೆ, ಸುತ್ತಿಕೊಂಡಿರುತ್ತದೆ. ಕೇಬಲ್ ತುಂಡಾದರೆ ಇಡೀ ಕಬ್ಬಿಣ ರಪ್ಪನೆ ಕೆಳಗೆ ಬೀಳುತ್ತದೆ, ಬಿದ್ದ ರಭಸಕ್ಕೆ ದೋಣಿಯ ಒಡಲೇ ಸೀಳಬಹುದು.

ದೋಣಿ ಟ್ರೇಲರ್ ಮೇಲೆ ಕೂತಿರುವಾಗ ಇದನ್ನು ಸರಿಯಾಗಿ ನೋಡಲು ಆಗುವುದಿಲ್ಲ. ಆದ್ದರಿಂದ ಟ್ರೇಲರ್ ಸರಿಯಾದ ಮೇಲೆ ದೋಣಿಯನ್ನು ಬೋಟ್‌ಯಾರ್ಡಿಗೆ ಎಳೆದುಕೊಂಡು ಹೋದೆ. ಅಗಲ ಪಟ್ಟಿಗಳಲ್ಲಿ ಕಟ್ಟಿ ಮೇಲೆತ್ತಿಸಿದೆ. ಅದಕ್ಕೆ 150 ಡಾಲರ್. ಕೀಲ್ ಪೂರ್ತಿ ಇಳಿಸಿ, ಕೆಳಗೆ ಮರದ ದಿಮ್ಮಿ ಒಟ್ಟಿ ಭಾರ ಅದರ ಮೇಲೆ ಕೂರಿಸಿದ ಮೇಲೆಯೇ ಹತ್ತಿರ ಹೋದೆ. ತೂಗಾಡುವ ಕೀಲಿನ ಕೆಳಗೆ ಯಾರೂ ತಲೆ ಹಾಕಬಾರದು, ಒಂದು ಕ್ಷಣಕ್ಕೂ.

ಕೇಬಲ್ ಮೇಲಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಕೀಲಿಗೆ ಸೇರುವ ಕೊನೆಯ ನಾಲ್ಕು ಇಂಚು ಮಾತ್ರ ಬೇರೆ. ಎಳೆಗಳು ಕಂದು ಬಣ್ಣಕ್ಕೆ ತಿರುಗಿ, ಎರಡು ಎಳೆ ಕಡಿದು, ಮುಳ್ಳಿನ ಹಾಗೆ ಹೊರಗೆ ಚಾಚಿದ್ದವು. ಏಳು ವರ್ಷ ನೀರಿನ ಮುಖ ನೋಡದಿದ್ದರೂ ಒಳಗಿನ ತೇವ ಅಲ್ಲಿ ಕೂತಿತ್ತು. ಹೊಸ ಕೇಬಲ್, ಅದರ ಕೊಂಡಿ, ಅದು ಹಾದುಹೋಗುವ ರಬ್ಬರ್ ಕೊಳವೆ, ಕ್ಲಾಂಪ್ ಎಲ್ಲ ಸೇರಿ 85 ಡಾಲರ್. ಈ ದೋಣಿಗೆ ಮಾಡಿದ ಖರ್ಚಿನಲ್ಲಿ ಇಷ್ಟು ಬೆಲೆಬಾಳುವುದು ಇನ್ನೊಂದಿಲ್ಲ. ಕೀಲನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಡ್ಡ ಅಲುಗಿಸಿ ನೋಡಿದೆ. ಸ್ವಲ್ಪ ಆಡಿತು. 'ಕ್ಲಂಕ್' ಅನ್ನುವಷ್ಟು ಅಲ್ಲ. ಪಿನ್ ಸವೆದಿಲ್ಲ ಅಂತ ಯಾರ್ಡಿನ ಹಿರಿಯರೊಬ್ಬರು ನೋಡಿ ಹೇಳಿದರು. ತುಕ್ಕು ಕೆರೆದು, ಒಂದು ಕೋಟ್ ಪ್ರೈಮರ್ ಹೊಡೆದೆ. ಪೂರ್ತಿ ಪೇಂಟ್ ಮಾಡಲಿಲ್ಲ. ಹೊಸ ಪೇಂಟ್ ಕಂಡರೆ ಕೆಳಗೆ ಏನು ಮುಚ್ಚಿದ್ದಾರೋ ಅನ್ನುವ ಅನುಮಾನ ಬರುತ್ತದೆ.

ಹಳೇ ಕೇಬಲ್ ಎಸೆಯಲಿಲ್ಲ. ರಸೀದಿಯ ಜೊತೆ ಒಂದು ಚೀಲದಲ್ಲಿ ಹಾಕಿಟ್ಟೆ.

ಟ್ರೇಲರ್, ಮೋಟರ್, ಹಾಯಿ

ಟ್ರೇಲರ್ ಉರುಳದಿದ್ದರೆ ದೋಣಿ ಮಾರಾಟವಾದರೂ ಒಯ್ಯಲು ಆಗುವುದಿಲ್ಲ. ಟೈರಿನ ಗೀರು ಹೊಸದರ ಹಾಗೇ ಇತ್ತು. ಅದನ್ನು ನೋಡಿ ಮೋಸ ಹೋಗುವವರು ತುಂಬ ಜನ. ಟೈರಿನ ಪಕ್ಕದ ಮೈಮೇಲೆ ಒತ್ತಿರುವ ಗುರುತಿನ ಕೊನೆಯ ನಾಲ್ಕು ಅಂಕಿ ನೋಡಬೇಕು. ನಮ್ಮದರಲ್ಲಿ 2911 ಇತ್ತು. ಅಂದರೆ 2011ರ 29ನೇ ವಾರ. ಹದಿಮೂರು ವರ್ಷದ ರಬ್ಬರು ಬಿಸಿಲಿಗೆ ಒಣಗಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ಹೆದ್ದಾರಿಯಲ್ಲಿ ಸಿಡಿಯುವುದು ಇಂಥವೇ. ಎರಡು ಹೊಸ ಟೈರಿಗೆ 170 ಡಾಲರ್, ಬೇರಿಂಗ್ ಮತ್ತು ಗ್ರೀಸಿಗೆ 60, ಹಿಂದಿನ ದೀಪಗಳಿಗೆ 45.

ಔಟ್‌ಬೋರ್ಡ್ ಮೋಟರ್, ಅಂದರೆ ದೋಣಿಯ ಹಿಂದೆ ಹೊರಗಡೆ ತಗುಲಿಸುವ ಎಂಜಿನ್, ಎಂಟು ಹಾರ್ಸ್‌ಪವರಿನದು, ನಾಲ್ಕು ಸ್ಟ್ರೋಕ್. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲ್ ವಾರ್ನಿಶ್ ಹಾಗೆ ನಾರುತ್ತಿತ್ತು. ಇಲ್ಲಿಯ ಪೆಟ್ರೋಲಿನಲ್ಲಿ ಶೇಕಡಾ 10 ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಕೊನೆಗೆ ಬೇರೆಯಾಗಿ ತಳದಲ್ಲಿ ಕೂರುತ್ತದೆ. ಕಾರ್ಬ್ಯುರೇಟರ್ ಬಿಚ್ಚಿದಾಗ ಸೂಜಿಮೊನೆಯಷ್ಟಿರುವ ತೂತುಗಳಲ್ಲಿ ಹಸಿರು ಅಂಟು ಗಟ್ಟಿಯಾಗಿ ಕೂತಿತ್ತು. ಕ್ಲೀನರ್ ಹೊಡೆದು, ಮೀನಿನ ಗಾಳದ ನೈಲಾನ್ ದಾರದ ಎಳೆ ತೂರಿಸಿ ಬಿಡಿಸಿದೆ. ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ. ನೀರೆತ್ತುವ ರಬ್ಬರ್ ಚಕ್ರ, ಸ್ಪಾರ್ಕ್ ಪ್ಲಗ್, ಗೇರ್ ಎಣ್ಣೆ, ಪೆಟ್ರೋಲ್ ಕೊಳವೆ ಎಲ್ಲ ಹೊಸದು. ಒಟ್ಟು 110. ಹಳೇ ಗೇರ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಹಾಗಿರಲಿಲ್ಲ, ಕಪ್ಪಗೇ ಇತ್ತು. ಒಳಗೆ ನೀರು ಹೋಗಿಲ್ಲ ಅಂತ ಅದರಿಂದ ಗೊತ್ತಾಯಿತು. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಬಿಟ್ಟು ಹಗ್ಗ ಎಳೆದೆ. ಒಂಬತ್ತನೇ ಎಳೆತಕ್ಕೆ ಹತ್ತಿಕೊಂಡಿತು. ಪಕ್ಕದಿಂದ ನೀರಿನ ಸಣ್ಣ ಧಾರೆ ಚಿಮ್ಮಿತು. ಹಳೇ ಪೆಟ್ರೋಲನ್ನು ಕೌಂಟಿಯವರು ಅಪಾಯಕಾರಿ ಕಸ ತೆಗೆದುಕೊಳ್ಳುವಲ್ಲಿಗೆ ಕೊಟ್ಟೆ.

ಹಾಯಿಗಳನ್ನು ಹೊಲದವರ ಹುಲ್ಲಿನ ಮೇಲೆ ಬಿಚ್ಚಿ ಹಾಸಿದೆ. ದೊಡ್ಡ ಹಾಯಿ, ಮುಂದಿನ ಹಾಯಿ ಎರಡೂ ಚೆನ್ನಾಗಿದ್ದವು. ಹೊಲಿಗೆಯ ದಾರವನ್ನು ಉಗುರಿನಿಂದ ಗೀರಿದೆ. ಬಿಸಿಲಿಗೆ ಸತ್ತ ದಾರ ಹಾಗೆ ಮಾಡಿದರೆ ಉದುರುತ್ತದೆ. ಒಂದು ಕಡೆ ಉದುರಿತು. ಆ ಸಾಲನ್ನು ಹಾಯಿ ಹೊಲಿಯುವವರ ಹತ್ತಿರ ಮರುಹೊಲಿಸಲು 60 ಡಾಲರ್ ಆಯಿತು. ಜೋರು ಗಾಳಿಗೆ ಹಾಕುವ ಮೂರನೇ ಸಣ್ಣ ಹಾಯಿ ಮಾತ್ರ ಹೋಗಿತ್ತು. ಇಲಿ ಕಚ್ಚಿದ್ದು ಒಂದೇ ಕಡೆ, ಮಡಿಕೆಯ ಮೂಲೆಯಲ್ಲಿ. ಬಿಚ್ಚಿದಾಗ ಸಾಲಾಗಿ ಆರು ತೂತು. ಸರಿಮಾಡಿಸದೆ, ಬೇಕಾದರೆ ಪುಕ್ಕಟೆ ಅಂತ ಬರೆದೆ. ಉಳಿದೆರಡನ್ನು ಬಾತ್‌ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಮೆದು ಸೋಪು ಹಾಕಿ ಕೈಯಲ್ಲಿ ತೊಳೆದೆವು. ವಾಷಿಂಗ್ ಮಶೀನಿಗೆ ಹಾಕಿದರೆ ಬಟ್ಟೆಯ ಬಿಗಿ ಹೋಗಿ ಹಾಯಿ ಜೋಲುತ್ತದೆ.

ಕಂಬ ಹಿಡಿದಿರುವ ಉಕ್ಕಿನ ತಂತಿಗಳ ಉದ್ದಕ್ಕೂ ಹತ್ತಿ ಬಟ್ಟೆ ಎಳೆದೆ. ಕಡಿದ ಎಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಕ್ಕಲಿಲ್ಲ.

ಕೊನೆಗೆ ಶುಚಿ. ಮೆತ್ತೆಗಳನ್ನು ಎಸೆದೇಬಿಟ್ಟೆ. ಎಷ್ಟು ತೊಳೆದರೂ ಆ ವಾಸನೆ ಸ್ಪಂಜಿನಿಂದ ಹೋಗುವುದಿಲ್ಲ. ಮೆತ್ತೆ ಇಲ್ಲದ ಒಣ ಮಂಚ ನೋಡಿ ಯಾರೂ ಮುಖ ಸಿಂಡರಿಸುವುದಿಲ್ಲ. ಒಳಗೆಲ್ಲ ವಿನೆಗರ್ ನೀರಿನಲ್ಲಿ ಒರೆಸಿ, ಬಲಗಡೆ ಮೈಗೂ ಪಾಲಿಶ್ ಹಾಕಿದೆ. ಅಂಟು, ಪಾಲಿಶ್, ಸೋಪು ಎಲ್ಲ 95. ಬ್ಯಾಟರಿ ಸತ್ತಿತ್ತು. ಹೊಸದು ತರಲಿಲ್ಲ, ಸತ್ತಿದೆ ಅಂತ ಬರೆದೆ. ಕೂಡಿದರೆ ಒಟ್ಟು ಖರ್ಚು 835 ಡಾಲರ್.

ಮಾರಾಟ

ಮೇ ಎರಡನೇ ವಾರ ಬ್ಯಾಂಕಿನ ಪತ್ರ ಬಂತು. ಅದೇ ವಾರ ಹೊಲದಲ್ಲಿ ಕಂಬ ಎತ್ತಿ ನಿಲ್ಲಿಸಿದೆವು. ಎತ್ತುವ ಮುಂಚೆ ಮೇಲೆ ಕರೆಂಟ್ ತಂತಿ ಇಲ್ಲದ ಜಾಗಕ್ಕೆ ದೋಣಿ ಸರಿಸಿದೆವು. 25 ಅಡಿಯ ಅಲ್ಯೂಮಿನಿಯಂ ಕಂಬ ತಂತಿಗೆ ತಗುಲಿದರೆ ಹಿಡಿದವರು ಉಳಿಯುವುದಿಲ್ಲ. ಕಂಬ ನಿಂತು, ಹಾಯಿ ಏರಿದ ಮೇಲೆ ಅದು ಮತ್ತೆ ದೋಣಿಯಾಯಿತು. ಅಲ್ಲಿಯವರೆಗೂ ಅದೊಂದು ಸಾಮಾನಿನ ಮೂಟೆಯಾಗಿತ್ತು. ಕೊಳ್ಳಲು ಬರುವವರಿಗೂ ಹಾಗೇ ಅನ್ನಿಸುತ್ತದೆ ಅಂತ ನನ್ನ ಲೆಕ್ಕ. ಎಲ್ಲ ತಂತಿ, ಪಿನ್, ಹಗ್ಗ ಪೂರ್ತಿ ಇವೆ ಅಂತಲೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಫೋಟೋ ಮೂವತ್ತು ಹಾಕಿದೆ. ನೀಲಿ ಟೇಪಿನ ಜಾಗ ನಾಲ್ಕನೆಯದು. ಇಲಿ ತಿಂದ ಹಾಯಿಯೂ ಇತ್ತು. ಬರಹದಲ್ಲಿ ಮೊದಲು ವರ್ಷ, ಕೀಲ್, ಟ್ರೇಲರ್, ಮೋಟರ್, ಟೈಟಲ್ ಕೈಯಲ್ಲಿದೆ ಅನ್ನುವುದು. ಆಮೇಲೆ ಹೊಸದಾಗಿ ಹಾಕಿದ್ದು. ಆಮೇಲೆ ಕೆಟ್ಟಿರುವುದು. 'ಅದ್ಭುತ', 'ಬಿಡಬೇಡಿ' ಇಂಥ ಮಾತು ಒಂದೂ ಇಲ್ಲ. ಬೆಲೆ 3,400 ಅಂತ ಇಟ್ಟೆ. ಇದೇ ವಯಸ್ಸಿನ, ಟ್ರೇಲರ್ ಇರುವ ದೋಣಿಗಳು ಸುತ್ತಮುತ್ತ ಎಷ್ಟಕ್ಕೆ ಹೋದವು ಅಂತ ಸರೋವರದ ಗೆಳೆಯರನ್ನು ಕೇಳಿ, ಡೆಕ್ಕಿನ ಲೆಕ್ಕದಲ್ಲಿ 300 ಇಳಿಸಿದ್ದು. ಜಾಹೀರಾತಿನಲ್ಲಿ ಕಾಣುವುದು ಕೇಳಿದ ಬೆಲೆ. ಕೊಟ್ಟ ಬೆಲೆ ಬೇರೆಯೇ ಇರುತ್ತದೆ.

ಮೊದಲ ಎರಡು ಸಂದೇಶ ಮೋಸಗಾರರದು. ದೋಣಿ ನೋಡುವುದೇ ಬೇಡ, ಹೆಚ್ಚಿನ ಮೊತ್ತದ ಚೆಕ್ ಕಳಿಸ್ತೀವಿ, ಉಳಿದದ್ದನ್ನು ಸಾಗಿಸುವವರಿಗೆ ಕೊಡಿ ಅಂತ. ಚೆಕ್ ಸುಳ್ಳು ಅಂತ ತಿಳಿಯುವ ಹೊತ್ತಿಗೆ ನಮ್ಮ ಕೈಯಿಂದ ಹಣ ಹೋಗಿರುತ್ತದೆ. ಉತ್ತರ ಕೊಡಲಿಲ್ಲ. ಆಮೇಲೆ ಬಂದವರೊಬ್ಬರು ನೀಲಿ ಟೇಪು ನೋಡಿ ಹತ್ತು ನಿಮಿಷದಲ್ಲಿ ಹೋದರು. ಆ ರಾತ್ರಿ ನನಗೆ ಸ್ವಲ್ಪ ಅಳುಕಾಯಿತು, ಸುಳ್ಳು ಹೇಳಲಾರೆ. ಟೇಪು ತೆಗೆದುಬಿಡಲೇ ಅಂತಲೂ ಒಂದು ಯೋಚನೆ ಬಂತು. ತೆಗೆಯಲಿಲ್ಲ.

ಮುಂದಿನ ಭಾನುವಾರ ಒಬ್ಬ ಯುವ ಶಿಕ್ಷಕ ಹೆಂಡತಿಯ ಜೊತೆ ಬಂದ. ಬರುವ ಮುಂಚೆ ಮೋಟರ್ ಮುಟ್ಟಬೇಡಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು ಅಂತ ಅವನೇ ಹೇಳಿದ್ದ. ತಿಳಿದವನು ಅಂತ ಅಲ್ಲೇ ಗೊತ್ತಾಯಿತು. ಎರಡನೇ ಎಳೆತಕ್ಕೆ ಹತ್ತಿತು. ಆಮೇಲೆ ನನ್ನ ಸ್ಕ್ರೂಡ್ರೈವರ್ ಇಸಿದುಕೊಂಡು ಡೆಕ್ ಮೇಲೆ ಮಂಡಿಯೂರಿದ. ಅರ್ಧ ಗಂಟೆ ಕುಟ್ಟಿದ. ಟೇಪಿನ ಒಳಗೆ ದಬ್, ಹೊರಗೆಲ್ಲ ಟಕ್. ನಾನು ಹಾಕಿದ ಗೆರೆಗೂ ಅವನ ಕಿವಿಗೂ ಒಂದಿಂಚೂ ವ್ಯತ್ಯಾಸ ಬರಲಿಲ್ಲ. ಎದ್ದು ಸ್ಕ್ರೂಡ್ರೈವರ್ ವಾಪಸ್ ಕೊಟ್ಟ. ಅದರಾಚೆ ಅವನು ಬೇರೆ ಯಾವುದನ್ನೂ ಪರೀಕ್ಷೆ ಮಾಡಲಿಲ್ಲ. ನಾನು ಹೇಳುತ್ತಾ ಹೋದೆ, ಅವನು ಕೇಳುತ್ತಾ ಹೋದ. ಹಳೇ ಕೇಬಲ್ಲಿನ ಚೀಲ ತೆಗೆದು ಕೊಟ್ಟಾಗ ಇಬ್ಬರೂ ಆ ಕಡಿದ ಎಳೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

3,100ಕ್ಕೆ ಮಾತಾಯಿತು. ಮರುದಿನ ಮೂವರೂ ಒಟ್ಟಿಗೆ ಅವನ ಬ್ಯಾಂಕಿಗೆ ಹೋಗಿ, ಕೌಂಟರಿನಲ್ಲೇ ಹಣ ಪಡೆದು, ಮಾರಾಟದ ಪತ್ರ ಬರೆದೆವು. ದೋಣಿಗೆ ಒಂದು, ಟ್ರೇಲರಿಗೆ ಇನ್ನೊಂದು. ಮೋಟರಿನ ನಂಬರನ್ನೂ ಬರೆದೆವು. ಅಲ್ಲಿಂದ ಸೀದಾ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ. ಕೊಂಡವರು ಬೆಲೆಯ ಮೇಲೆ ಶೇಕಡಾ 6 ತೆರಿಗೆ ಕಟ್ಟಿ, ಟೈಟಲನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಖರ್ಚು ಕಳೆದು ಅಣ್ಣನಿಗೆ 2,265 ಡಾಲರ್ ಉಳಿಯಿತು. ನನ್ನ ಹನ್ನೊಂದು ವಾರಾಂತ್ಯ ಅದರಲ್ಲಿ ಸೇರಿಲ್ಲ, ಸೇರಿಸುವುದೂ ಇಲ್ಲ.

ಒಯ್ಯುವ ದಿನ ಕೀಲಿನ ವಿಂಚ್ ತೋರಿಸಿ, ಇಳಿಸುವಾಗ ಹಿಡಿಯನ್ನು ಯಾವತ್ತೂ ಕೈಬಿಡಬೇಡ ಅಂತ ಮೂರು ಸಲ ಹೇಳಿದೆ. ನನಗೆ ಅಣ್ಣ ಹೇಳಿದ್ದೂ ಮೂರು ಸಲವೇ.

ಜೂನ್ ಮೂರನೇ ವಾರ ಆ ಹುಡುಗ ಒಂದು ಫೋಟೋ ಕಳಿಸಿದ. ಸೇಂಟ್ ಕ್ಲೇರ್ ಸರೋವರ, ಸಂಜೆ, ಎರಡೂ ಹಾಯಿ ಏರಿವೆ. ಚುಕ್ಕಾಣಿ ಹಿಡಿದಿರುವುದು ಅವನ ಹೆಂಡತಿ. ಹಾಗೇ ಕುಂದಾಪುರಕ್ಕೆ ಕಳಿಸಿದೆ. ಅಲ್ಲಿ ಆಗ ಬೆಳಗಿನ ಜಾವ. ಹೊರಗೆ ಮಳೆ ಹೊಯ್ಯುತ್ತಿರಬೇಕು. ಅತ್ತಿಗೆ ಎಬ್ಬಿಸಿ ತೋರಿಸಿದರಂತೆ. ಐದು ನಿಮಿಷಕ್ಕೆ ಅಣ್ಣನ ಧ್ವನಿ ಸಂದೇಶ ಬಂತು. ಹಿಂದೆ ಹಂಚಿನ ಮೇಲೆ ಮಳೆಯ ಸದ್ದು.

"ಚೆಂದ ಇತ್ತ್ ಮಾರಾಯಾ. ಮುಂದಿನ ಹಾಯಿ ಅಂಚಲ್ಲಿ ಸುಕ್ಕು ಕಾಂತಾ? ಹಗ್ಗ ಇನ್ನ್ ಚೂರ್ ಬಿಗಿ ಮಾಡೂಕ್ ಹೇಳ್ ಅವ್ನಿಗೆ."

ಫೋಟೋ ದೊಡ್ಡದು ಮಾಡಿ ನೋಡಿದೆ. ಸುಕ್ಕು ಇತ್ತು. ಹೇಳಿದೆ.